ಟೋಕಿಯೊ ಮೆಟ್ರೊ ಹತ್ತಿರ ಬಾಡಿಗೆ ಮನೆ: ಕಲಬುರಗಿಯಿಂದ ಹೋಗುವವರಿಗೆ ಯುಆರ್ ಎಷ್ಟು ಅನುಕೂಲ?

ಟೋಕಿಯೊದಲ್ಲಿ ಮನೆ ಹುಡುಕುವ ಹೊರದೇಶದವರನ್ನು ಮೊದಲು ತಡೆಯುವುದು ಜಾಮೀನು. ಕಲಬುರಗಿಯಲ್ಲಿ ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿ, ಅಡ್ವಾನ್ಸ್ ಕೊಟ್ಟು, ಪರಿಚಯದವರೊಬ್ಬರ ಹೆಸರು ಹೇಳಿದರೆ ಜೇವರ್ಗಿ ಕಾಲೊನಿಯಲ್ಲೋ ಸೇಡಂ ರಸ್ತೆಯಲ್ಲೋ ಮನೆ ಸಿಕ್ಕೀತು. ಟೋಕಿಯೊದಲ್ಲಿ ಜಾಮೀನುದಾರರು ಜಪಾನಿನಲ್ಲೇ ವಾಸವಿದ್ದು, ಅಲ್ಲೇ ಆದಾಯ ಇರುವವರಾಗಿರಬೇಕು. "ನಮ್ಮಪ್ಪನೇ ಸಹಿ ಹಾಕಿದ್ರ ನಡಿಯಂಗಿಲ್ಲೇನ್ರಿ?" ಎಂದು ಹೊರಡುವ ಹುಡುಗರು ಕೇಳುತ್ತಾರೆ. ನಡೆಯುವುದಿಲ್ಲ. ಜಪಾನಿನ ಕಾನೂನು ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರ ಪೈಕಿ ಶೇ 39ರಷ್ಟು ಮಂದಿ ತಾವು ವಿದೇಶಿಯರೆಂಬ ಕಾರಣಕ್ಕೇ ಮನೆ ಸಿಗಲಿಲ್ಲ ಎಂದಿದ್ದರು. ಜಪಾನಿ ಜಾಮೀನುದಾರರಿಲ್ಲವೆಂದು ನಿರಾಕರಣೆ ಎದುರಿಸಿದವರು ಶೇ 41.

ಈ ತಡೆಯೇ ಇಲ್ಲದ ದಾರಿ ಯುಆರ್ (ಅರ್ಬನ್ ರಿನೈಸಾನ್ಸ್ ಏಜೆನ್ಸಿ) ಎಂಬ ಜಪಾನ್ ಸರ್ಕಾರಿ ಸಂಸ್ಥೆಯ ಬಾಡಿಗೆ ಮನೆಗಳದು. 1955ರಲ್ಲಿ ಶುರುವಾದ ಜಪಾನ್ ವಸತಿ ನಿಗಮದ ಕಟ್ಟಡಗಳು ಈಗ 2004ರಲ್ಲಿ ರೂಪುಗೊಂಡ ಈ ಸರ್ಕಾರಿ ಸಂಸ್ಥೆಯ ಕೈಯಲ್ಲಿವೆ. ಜಾಮೀನು ಬೇಡ, ದಲ್ಲಾಳಿ ಶುಲ್ಕ ಇಲ್ಲ, ಮಾಲೀಕರಿಗೆ ಕೊಟ್ಟು ಮರೆಯಬೇಕಾದ 'ರೇಕಿನ್' ಇಲ್ಲ, ಎರಡು ವರ್ಷಕ್ಕೊಮ್ಮೆ ತೆರಬೇಕಾದ ನವೀಕರಣ ಶುಲ್ಕವೂ ಇಲ್ಲ. ಮಧ್ಯಮ ಅಥವಾ ದೀರ್ಘಾವಧಿಯ ವಾಸದ ಕಾರ್ಡ್ ಇರುವ ವಿದೇಶಿಯರಿಗೂ ಜಪಾನಿಯರಿಗೂ ನಿಯಮ ಒಂದೇ. ಪ್ರವಾಸಿ ವೀಸಾದವರಿಗೆ ಸಿಗುವುದಿಲ್ಲ.

ಲೆಕ್ಕ ಹೀಗಿದೆ. ತಿಂಗಳ ಬಾಡಿಗೆ 1,00,000 ಯೆನ್ ಎಂದಿಟ್ಟುಕೊಳ್ಳಿ. ಖಾಸಗಿ ಮನೆಯಾದರೆ ರೇಕಿನ್ ಒಂದು ತಿಂಗಳು, ಠೇವಣಿ ಒಂದು ತಿಂಗಳು, ಏಜೆಂಟರಿಗೆ ತೆರಿಗೆ ಸೇರಿ 1,10,000 (ಕಾನೂನಿನ ಗರಿಷ್ಠ ಮಿತಿ ಇದೇ), ಜಾಮೀನುದಾರರ ಬದಲು ಶುಲ್ಕ ಪಡೆದು ನಿಲ್ಲುವ ಜಾಮೀನು ಕಂಪನಿಗೆ ಅರ್ಧದಿಂದ ಒಂದು ತಿಂಗಳ ಬಾಡಿಗೆ, ಬೆಂಕಿ ವಿಮೆ ಮತ್ತು ಬೀಗ ಬದಲಾವಣೆಗೆ ಅಂದಾಜು 40,000, ಮೊದಲ ತಿಂಗಳ ಬಾಡಿಗೆ ಬೇರೆ. ಒಟ್ಟು ಐದು ಲಕ್ಷದ ಆಸುಪಾಸು. ಯುಆರ್‌ನಲ್ಲಿ ಠೇವಣಿ ಎರಡು ತಿಂಗಳು, ಜೊತೆಗೆ ಆ ತಿಂಗಳ ಉಳಿದ ದಿನಗಳ ಬಾಡಿಗೆ ಮತ್ತು ನಿರ್ವಹಣಾ ಶುಲ್ಕ. ಆ ಎರಡು ತಿಂಗಳ ಹಣವೂ ದುರಸ್ತಿ ಖರ್ಚು ಕಳೆದು ವಾಪಸ್ ಬರುತ್ತದೆ.

ಜಾಮೀನಿನ ಬದಲು ಯುಆರ್ ನೋಡುವುದು ಆದಾಯ. ವಾರ್ಷಿಕ ಆದಾಯವನ್ನು 12ರಿಂದ ಭಾಗಿಸಿದ ಸರಾಸರಿ, ಕುಟುಂಬವಾದರೆ ಬಾಡಿಗೆಯ ನಾಲ್ಕು ಪಟ್ಟು ಇರಬೇಕು. ಬಾಡಿಗೆ 82,500 ಯೆನ್ ದಾಟಿದರೆ 3,30,000 ಇದ್ದರೆ ಸಾಕು. ಒಂಟಿಯಾಗಿ ಇರುವವರಿಗೆ 62,500 ಯೆನ್ ಮೇಲಿನ ಬಾಡಿಗೆಗೆ 2,50,000 ಸಾಕು. ಬಾಡಿಗೆ ಎರಡು ಲಕ್ಷ ಮುಟ್ಟಿದರೆ ಇಬ್ಬರಿಗೂ 4,00,000 ಬೇಕು. ಆದಾಯ ಸಾಲದಿದ್ದರೆ ಬಾಡಿಗೆಯ ನೂರು ಪಟ್ಟು ಉಳಿತಾಯ ತೋರಿಸಬಹುದು, ಇಲ್ಲವೇ ಒಂದು ವರ್ಷದ ಬಾಡಿಗೆಯನ್ನು ಮುಂಗಡ ಕಟ್ಟಬಹುದು. ಹೊಸದಾಗಿ ಬಂದವರಿಗೆ ಹಿಂದಿನ ವರ್ಷದ ಜಪಾನಿ ತೆರಿಗೆ ದಾಖಲೆ ಇರುವುದಿಲ್ಲ. ಹಾಗಾಗಿ ವರ್ಷದ ನಿರೀಕ್ಷಿತ ಆದಾಯ ಬರೆದ ಪತ್ರವನ್ನು ಕಂಪನಿಯ ಎಚ್‌ಆರ್ ಕಡೆಯಿಂದ ಮೊದಲ ವಾರವೇ ಕೇಳಿ ಇಟ್ಟುಕೊಳ್ಳಿ.

ಕಲಬುರಗಿಯಲ್ಲಿ ಕುಳಿತು ಈ ಮನೆ ಹಿಡಿಯಲು ಬರುವುದಿಲ್ಲ. ವಾಸದ ಕಾರ್ಡ್ ಸಿಗುವುದು ನರಿತಾ ಅಥವಾ ಹನೆಡಾ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ. ಆಮೇಲೆ ಮೊದಲು ತಂಗಿದ ಜಾಗದ ವಿಳಾಸವನ್ನು 14 ದಿನದೊಳಗೆ ವಾರ್ಡ್ ಕಚೇರಿಯಲ್ಲಿ ನೋಂದಾಯಿಸಿ, 'ಜೂಮಿನ್‌ಹ್ಯೋ' ಎಂಬ ನಿವಾಸ ಪತ್ರ ಪಡೆಯಬೇಕು. ಯುಆರ್ ಅರ್ಜಿಗೆ ಇದು ಬೇಕೇ ಬೇಕು. ಕೆಲಸ ಕೆಡುವುದು ಇಲ್ಲಿಯೇ: ಹೋಟೆಲ್ ವಿಳಾಸದಲ್ಲಿ ಸಾಮಾನ್ಯವಾಗಿ ನೋಂದಣಿ ಆಗುವುದಿಲ್ಲ. ಮೊದಲ ತಿಂಗಳಿಗೆ ಕಂಪನಿ ವಸತಿ, ಶೇರ್ ಹೌಸ್ ಅಥವಾ ಮಾಸಿಕ ಅಪಾರ್ಟ್‌ಮೆಂಟ್ ಬುಕ್ ಮಾಡುವ ಮುಂಚೆ ವಿಳಾಸ ನೋಂದಣಿಗೆ ಅವಕಾಶ ಇದೆಯೇ ಎಂದು ಬರಹದಲ್ಲಿ ಕೇಳಿ. ಖಾಲಿ ಮನೆಗಳು ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಲ್ಲಿ ಹೋಗುತ್ತವೆ. ವೆಬ್‌ಸೈಟಿನಲ್ಲಿ ಕಂಡ ದಿನವೇ ಕಾಯ್ದಿರಿಸಿ, ಮನೆ ನೋಡಿ, ಕಾಗದ ಕೊಡಿ. ತಿಂಗಳುಗಟ್ಟಲೆ ಹಿಡಿದಿಡಲು ಬಿಡುವುದಿಲ್ಲ. ಕೌಂಟರಿಗೆ ಜಪಾನಿ ಭಾಷೆ ಬಲ್ಲ ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿ, ಒಪ್ಪಂದದ ಪ್ರತಿ ಕಲಮನ್ನೂ ಜಪಾನಿಯಲ್ಲೇ ಓದಿ ಹೇಳುತ್ತಾರೆ. 35 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ರಿಯಾಯಿತಿ ಬಾಡಿಗೆಯ ಮನೆಗಳೂ ಇವೆ, ಆದರೆ ಅವು ಮೂರು ವರ್ಷದ ನಿಗದಿತ ಒಪ್ಪಂದಗಳು. ಅವಧಿ ಮುಗಿದರೆ ಬಿಡಬೇಕು.

ಇನ್ನು ಮೆಟ್ರೊ ವಿಷಯ. ಜಾಹೀರಾತಿನ 'ನಡೆದು 1 ನಿಮಿಷ' ಎಂದರೆ 80 ಮೀಟರ್. ಸಿಗ್ನಲ್‌ನಲ್ಲಿ ನಿಲ್ಲುವುದು, ಲಿಫ್ಟಿಗೆ ಕಾಯುವುದು, ಏರುದಾರಿ ಯಾವುದೂ ಲೆಕ್ಕಕ್ಕಿಲ್ಲ. ಯುಆರ್ ಸಮುಚ್ಚಯಗಳು ದೊಡ್ಡವು, ಹಾಗಾಗಿ '3ರಿಂದ 9 ನಿಮಿಷ' ಎಂಬಂತೆ ಬರೆದಿರುತ್ತದೆ. ನಿಮ್ಮ ಬ್ಲಾಕ್ ಯಾವ ತುದಿಯಲ್ಲಿದೆ ಎಂದು ನಕ್ಷೆಯಲ್ಲಿ ನೋಡದೆ ಸಹಿ ಹಾಕಬೇಡಿ.

ಭಾರತೀಯ ಕುಟುಂಬಗಳು ಹೆಚ್ಚಾಗಿ ಇರುವ ನಿಶಿ-ಕಸಾಯ್, ತೋಜಾಯ್ ಮಾರ್ಗದಲ್ಲಿದೆ. ಭಾರತೀಯ ಕಿರಾಣಿ ಅಂಗಡಿಗಳು ಹತ್ತಿರ, ಕಚೇರಿಗಳಿರುವ ಓತೆಮಾಚಿಗೆ ನೇರ ರೈಲು. ಆದರೆ ಇದರ ತೊಂದರೆಗಳನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ವೇಗದ ರೈಲು ತೋಯೋಚೋ ಬಿಟ್ಟರೆ ಉರಯಾಸುವಿನಲ್ಲೇ ನಿಲ್ಲುವುದು, ನಡುವಿನ ನಿಶಿ-ಕಸಾಯ್ ಮತ್ತು ಕಸಾಯ್ ಎರಡನ್ನೂ ಹಾದು ಹೋಗುತ್ತದೆ. ಕಸಾಯ್ ನಿಲ್ದಾಣದಲ್ಲಿ ಸಾಮಾನ್ಯ ರೈಲು ನಿಂತು ವೇಗದ ರೈಲಿಗೆ ದಾರಿ ಬಿಡುತ್ತದೆ. ಊರೊಳಗೆ ಹೋಗುವಾಗ ಒಂದು ನಿಲ್ದಾಣ ಮುಂದಿರುವ ನಿಶಿ-ಕಸಾಯ್‌ನಲ್ಲಿ ಹತ್ತುವವರಿಗೆ ಆ ಕಾಯುವಿಕೆ ಇರುವುದಿಲ್ಲ, ಕಸಾಯ್‌ನಲ್ಲಿ ಹತ್ತುವವರಿಗೆ ಇರುತ್ತದೆ. ಬೆಳಗಿನ ನೂಕುನುಗ್ಗಲಿನಲ್ಲಿ ಕಿಬಾದಿಂದ ಮೊನ್‌ಜೆನ್-ನಕಾಚೋ ನಡುವೆ 2019ರಲ್ಲಿ ಸಾಮರ್ಥ್ಯದ ಶೇ 199ರಷ್ಟು ಜನ ತುಂಬುತ್ತಿದ್ದರು. ನಿಶಿ-ಕಸಾಯ್ ಭಾಗದಲ್ಲಿ ಹಳಿ ಎತ್ತರದ ಸೇತುವೆಯ ಮೇಲಿದೆ, ಜೋರು ಗಾಳಿ ಬಂದರೆ ಅರಕಾವಾ ನದಿಯ ಮೇಲೆ ರೈಲು ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ.

ಶಿಂಜುಕು ಕಡೆ ಕಚೇರಿ ಇದ್ದರೆ ತೋಯೇ ಶಿಂಜುಕು ಮಾರ್ಗದ ಓಜಿಮಾ ಹೆಚ್ಚು ಒಳ್ಳೆಯದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನಿಲ್ದಾಣದ ಪಕ್ಕದಲ್ಲೇ ದೊಡ್ಡ ಯುಆರ್ ಸಮುಚ್ಚಯಗಳಿವೆ, ಎಕ್ಸ್‌ಪ್ರೆಸ್ ಕೂಡ ನಿಲ್ಲುತ್ತದೆ. ಒಂದೇ ಎಚ್ಚರ: ತೋಯೇ ಮತ್ತು ಟೋಕಿಯೊ ಮೆಟ್ರೊ ಬೇರೆ ಬೇರೆ ಸಂಸ್ಥೆಗಳು. ಒಂದರಿಂದ ಇನ್ನೊಂದಕ್ಕೆ ಬದಲಾದರೆ ಎರಡೂ ಸಂಸ್ಥೆಗಳ ದರ ಬೀಳುತ್ತದೆ, ಒಟ್ಟಿನಲ್ಲಿ 70 ಯೆನ್ ರಿಯಾಯಿತಿ ಮಾತ್ರ ಸಿಗುತ್ತದೆ. ಪಾಸಿನ ಹಣ ಕಂಪನಿ ಕೊಟ್ಟರೂ ಮನೆಯವರ ಓಡಾಟಕ್ಕೆ ಇದು ತಟ್ಟುತ್ತದೆ.

ಮನೆಯೊಳಗೆ ಕಾಲಿಟ್ಟರೆ ನಿಜಕ್ಕೂ ಖಾಲಿ. ದೀಪ, ಪರದೆ, ಗ್ಯಾಸ್ ಒಲೆ, ಬಹಳ ಕಡೆ ಎಸಿ ಕೂಡ ಇರುವುದಿಲ್ಲ. ಎಸಿ ಮತ್ತು ಅಳವಡಿಕೆಗೆ 70–80 ಸಾವಿರ, ಒಲೆಗೆ 20–30 ಸಾವಿರ ಯೆನ್ ಎಂದು ಹಿಡಿಯಿರಿ. ರೇಕಿನ್‌ನಲ್ಲಿ ಉಳಿಸಿದ್ದರ ದೊಡ್ಡ ಪಾಲು ಇಲ್ಲಿಗೇ ಹೋಗುತ್ತದೆ. ಒಂದೇ ವರ್ಷದ ಪ್ರಾಜೆಕ್ಟಿಗೆ ಹೋಗುವ ಒಂಟಿ ಹುಡುಗರಿಗೆ ಸಾಮಾನು ತುಂಬಿದ ಶೇರ್ ಹೌಸೇ ಲಾಭ, ಎರಡು ವರ್ಷ ಮೀರಿ ನಿಲ್ಲುವ ಕುಟುಂಬಕ್ಕೆ ಯುಆರ್.

ಒಲೆ ನೀವೇ ಕೊಳ್ಳಬೇಕಾಗಿರುವುದು ಜೋಳದ ರೊಟ್ಟಿ ತಿನ್ನುವವರಿಗೆ ಅನುಕೂಲವೇ. ಹೊಸ ಖಾಸಗಿ ಕಟ್ಟಡಗಳಲ್ಲಿ ಕೆಲವೆಡೆ ಇಂಡಕ್ಷನ್ ಮಾತ್ರ ಇರುತ್ತದೆ, ಅಲ್ಲಿ ಉರಿಯ ಮೇಲೆ ರೊಟ್ಟಿ ಉಬ್ಬಿಸಲು ಆಗುವುದಿಲ್ಲ. ಆದರೆ ಗ್ಯಾಸ್ ಒಲೆಯಲ್ಲೂ ಒಂದು ತೊಡಕಿದೆ. 2008ರಿಂದ ಜಪಾನಿನ ಮನೆಬಳಕೆಯ ಎರಡು ಬರ್ನರ್ ಒಲೆಗಳಲ್ಲಿ ಪ್ರತಿ ಬರ್ನರ್ ನಡುವೆ ಶಾಖದ ಸೆನ್ಸರ್ ಕಡ್ಡಾಯ. ಹಂಚು ಒಣಗಿ ಸುಮಾರು 250 ಡಿಗ್ರಿ ಮುಟ್ಟಿದೊಡನೆ ಉರಿ ತಾನಾಗಿ ಸಣ್ಣದಾಗುತ್ತದೆ, ರೊಟ್ಟಿ ಬೇಯದೆ ಬಿರುಸಾಗುತ್ತದೆ. ಹಂಚು ತೆಗೆದು ರೊಟ್ಟಿಯನ್ನು ನೇರ ಉರಿಗೆ ಹಿಡಿದಾಗ, ಪಾತ್ರೆ ಇಲ್ಲವೆಂದು ಉರಿ ಇಳಿಸುವ ಮಾದರಿಗಳೂ ಇವೆ. ಅಂಗಡಿಯಲ್ಲಿ ಹೆಚ್ಚಿನ ಶಾಖದಲ್ಲಿ ಹುರಿಯುವ ಬಟನ್ ಇರುವ ಒಲೆಯನ್ನೇ ಕೇಳಿ, ಅದು ಸೆನ್ಸರ್ ಮಿತಿಯನ್ನು ಏರಿಸುತ್ತದೆ. ಟೋಕಿಯೊ ನಗರದ ಪೈಪ್ ಗ್ಯಾಸಿಗೆ 13ಎ ಗುರುತಿನ ಒಲೆ ಬೇಕು. ಸಿಲಿಂಡರ್ ಗ್ಯಾಸಿನ ಒಲೆ ಅದಕ್ಕೆ ಹೊಂದುವುದಿಲ್ಲ, ಊರಿನಿಂದ ಒಯ್ದದ್ದಂತೂ ಬೇಡವೇ ಬೇಡ. ಹಂಚು ಮಾತ್ರ ತಳ ಚಪ್ಪಟೆ ಇರುವುದನ್ನು ಒಯ್ಯಿರಿ. ಗ್ಯಾಸ್ ಶುರು ಮಾಡಲು ಸಿಬ್ಬಂದಿ ಬರುವಾಗ ನೀವು ಮನೆಯಲ್ಲಿರಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಇಡೀ ದೇಶವೇ ಮನೆ ಬದಲಿಸುತ್ತದೆ, ಆಗ ಈ ದಿನಾಂಕ ಸಿಗುವುದೇ ಕಷ್ಟ.

ಹಳೆಯ ಐದು ಮಹಡಿ ಬ್ಲಾಕ್‌ಗಳಲ್ಲಿ ಬಹುತೇಕ ಲಿಫ್ಟ್ ಇಲ್ಲ, ಮೇಲಿನ ಮಹಡಿ ಅಗ್ಗ. ತಂದೆ-ತಾಯಿ ಬಂದು ಇರುವುದಾದರೆ ಯೋಚಿಸಿ. 1981ರ ಜೂನ್‌ನಿಂದ ಭೂಕಂಪ ನಿಯಮ ಬಿಗಿಯಾಯಿತು, ಅದಕ್ಕೂ ಹಿಂದಿನ ಕಟ್ಟಡವಾದರೆ ಬಲಪಡಿಸುವ ಕೆಲಸ ಆಗಿದೆಯೇ ಎಂದು ಕೇಳಿ. ನಮ್ಮ ಕಡೆಯವರಿಗೆ ಬಿಸಿಲು ಹೊಸದಲ್ಲ, ಚಳಿಗಾಲದಲ್ಲಿ ಒಂಟಿ ಗಾಜಿನ ಕಿಟಕಿಗಳ ಮೇಲೆ ಇಳಿಯುವ ನೀರು ಹೊಸದು. ದಿನಾ ಒರೆಸದಿದ್ದರೆ ಗೋಡೆಗೆ ಬೂಷ್ಟು ಹಿಡಿದು ಆ ಖರ್ಚು ಠೇವಣಿಯಿಂದ ಹೋಗುತ್ತದೆ. ದೇವರ ಫೋಟೊಗೆ ಮೊಳೆ ಹೊಡೆಯಬೇಡಿ: ಸರ್ಕಾರದ ಮಾರ್ಗಸೂಚಿಯಲ್ಲಿ ಪಿನ್ನಿನ ತೂತು ಸಹಜ ಸವಕಳಿ, ಮೊಳೆ ಮತ್ತು ಸ್ಕ್ರೂ ತೂತಿನ ದುರಸ್ತಿ ಬಾಡಿಗೆದಾರರದು.

ನಿಶಿ-ಕಸಾಯ್ ಇರುವ ಎದೊಗಾವಾ ವಾರ್ಡಿನ ಸುಮಾರು ಶೇ 70ರಷ್ಟು ನೆಲ ಸಮುದ್ರದ ಉಬ್ಬರ ಮಟ್ಟಕ್ಕಿಂತ ಕೆಳಗಿದೆ. 2019ರ ಪ್ರವಾಹ ನಕ್ಷೆಯ ಮುಖಪುಟದಲ್ಲೇ ವಾರ್ಡ್ ಕಚೇರಿ 'ಇಲ್ಲಿ ಇರಬಾರದು' ಎಂದು ಅಚ್ಚು ಹಾಕಿತ್ತು. ಆ ನಕ್ಷೆ ವಾರ್ಡ್ ಕಚೇರಿಯಲ್ಲಿ ಸಿಗುತ್ತದೆ. ನೆಲಮಹಡಿ ಎಷ್ಟೇ ಅಗ್ಗವಿದ್ದರೂ ಮೂರನೆಯದರಿಂದ ಮೇಲೆ ಹಿಡಿಯಿರಿ.

ಬಿಡುವಾಗ 14 ದಿನ ಮುಂಚೆ ಬರೆದುಕೊಟ್ಟರೆ ಸಾಕು, ಬೇಗ ಬಿಟ್ಟಿದ್ದಕ್ಕೆ ದಂಡವಿಲ್ಲ. ಎಸಿ, ಒಲೆ, ದೀಪಗಳನ್ನು ಅಷ್ಟರೊಳಗೆ ತೆಗೆದಿರಬೇಕು. ಎಸಿಯನ್ನು ಬೀದಿ ಕಸಕ್ಕೆ ಹಾಕುವಂತಿಲ್ಲ, ಮರುಬಳಕೆ ಶುಲ್ಕ ಕಟ್ಟಿ ಒಯ್ಯಿಸಬೇಕು. ಮುಂದೆ ಬರುವ ಕನ್ನಡದವರಿಗೇ ಮಾರಿದರೆ ಇಬ್ಬರಿಗೂ ಉಳಿತಾಯ, ಆದರೆ ಅದೇ ಮನೆಗೆ ಬರುವವರಾದರೂ ಸಾಮಾನನ್ನು ಒಳಗೇ ಬಿಟ್ಟು ಹೋಗುವ ಮುನ್ನ ಯುಆರ್ ಕಚೇರಿಯ ಒಪ್ಪಿಗೆ ಪಡೆಯಿರಿ.