ಮೋಲ್ ಮುಂದೆ ಕಿನ್ನರಿ: ಸೋಲಾರ್ ಗೂಟ ಕೊಳ್ಳುವ ಮುಂಚೆ ಇದನ್ನು ಓದಿ

5ಕ್ಕೆ 2 ಸ್ಟಾರ್. ಆ ಎರಡೂ ಸೋಲಾರ್ ಪ್ಯಾನೆಲ್‌ಗೆ, ಗೂಟ ಮಾಡಬೇಕಾದ ಕೆಲಸಕ್ಕಲ್ಲ.

ಮೋಲ್ ಅಂದರೆ ನೆಲದೊಳಗೆ ಸುರಂಗ ಕೊರೆದು ಬದುಕುವ ಪುಟ್ಟ ಪ್ರಾಣಿ, ಮೇಲೆ ಮಣ್ಣುಗುಡ್ಡೆ ಎಬ್ಬಿಸುವುದು ಅದೇ. ಹುಲ್ಲುಹಾಸಿನಲ್ಲಿ ಬೆಳಗಾದರೆ ಹೊಸ ಹೊಸ ಮಣ್ಣುಗುಡ್ಡೆ ಎದ್ದಿರುವುದನ್ನು ನೋಡಿ ತಲೆ ಕೆಟ್ಟವರು ಮೊದಲು ಕೈ ಹಾಕುವುದೇ ಈ ವಸ್ತುವಿಗೆ. ಮೊಣಕಾಲುದ್ದದ ಗೂಟ, ತಲೆಯ ಮೇಲೆ ಪುಟ್ಟ ಸೋಲಾರ್ ಪ್ಯಾನೆಲ್, ಒಳಗೆ ರೀಚಾರ್ಜ್ ಆಗುವ ಬ್ಯಾಟರಿ, ಜೊತೆಗೆ ಒಂದು ಬಜರ್. ನೆಲಕ್ಕೆ ಚುಚ್ಚಿಟ್ಟರೆ ಸುಮಾರು 30 ಸೆಕೆಂಡಿಗೊಮ್ಮೆ ಗುಂಯ್ ಅನ್ನುತ್ತದೆ. ಆ ಸದ್ದಿಗೆ, ಅದರ ನಡುಕಕ್ಕೆ ಹೆದರಿ ಮೋಲ್ ಓಡಿಹೋಗುತ್ತದಂತೆ. ನೂರಾರು ಚದರ ಮೀಟರ್ ಜಾಗಕ್ಕೆ ಒಂದೇ ಗೂಟ ಸಾಕು ಎಂದೂ ಡಬ್ಬದ ಮೇಲೆ ಇರುತ್ತದೆ. ಹತ್ತಾರು ಹೆಸರಲ್ಲಿ ಸಿಗುತ್ತದೆ, ಬಣ್ಣ ಬೇರೆ, ಡಬ್ಬ ಬೇರೆ, ಒಳಗಿನ ಸಾಮಾನು ಮಾತ್ರ ಹೆಚ್ಚುಕಡಿಮೆ ಅದೇ. ಹಾಗಾಗಿ ನಾನು ಕೊಂಡದ್ದು ಯಾವ ಕಂಪನಿಯದು ಅನ್ನುವುದು ಮುಖ್ಯವಲ್ಲ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ವೈರ್ ಎಳೆಯುವ ರಗಳೆ ಇಲ್ಲ. ವಿಷ ಇಲ್ಲ, ಆದ್ದರಿಂದ ಮಕ್ಕಳು, ನಾಯಿ, ಬೆಕ್ಕು ಓಡಾಡುವ ತೋಟದಲ್ಲಿ ಧೈರ್ಯವಾಗಿ ಇಡಬಹುದು. ಬಿಸಿಲು ಚೆನ್ನಾಗಿ ಬಿದ್ದರೆ ರಾತ್ರಿಯಿಡೀ ಕೆಲಸ ಮಾಡುತ್ತದೆ, ಮೋಡ ಇದ್ದ ದಿನವೂ ಪೂರ್ತಿ ನಿಂತುಹೋಗಲಿಲ್ಲ. ಬ್ಯಾಟರಿ ಮಾಮೂಲಿ 1.2 ವೋಲ್ಟಿನ ಎಎ ಅಳತೆಯದು, ಸತ್ತರೆ ಬದಲಾಯಿಸಬಹುದು. ಕೆಲವು ಮಾದರಿಯಲ್ಲಿ ಬ್ಯಾಟರಿ ಇರುವ ಭಾಗವನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಅಂಥದ್ದನ್ನು ಮಾತ್ರ ತೆಗೆದುಕೊಳ್ಳಬೇಡಿ.

ನೆಲಕ್ಕೆ ಇಳಿಸುವಾಗ ಸ್ವಲ್ಪ ಜಾಗ್ರತೆ ಬೇಕು. ಚಿತ್ರದಲ್ಲಿ ಕೈಯಿಂದ ಒತ್ತಿದರೆ ಇಳಿಯುವ ಹಾಗೆ ತೋರಿಸಿರುತ್ತಾರೆ. ಗಟ್ಟಿ ನೆಲದಲ್ಲಿ ಅದು ಆಗದ ಮಾತು. ತಲೆಗೆ ಸುತ್ತಿಗೆಯಿಂದ ಹೊಡೆದರೆ ಪ್ಯಾನೆಲ್ ಒಡೆಯುತ್ತದೆ. ಮೊದಲು ನೆಲ ನೆನೆಸಿ, ಕಬ್ಬಿಣದ ಸಲಾಕೆಯಿಂದ ತೂತು ಮಾಡಿ, ಆಮೇಲೆ ಗೂಟ ಇಳಿಸಿ ಸುತ್ತಲೂ ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ಗೂಟಕ್ಕೂ ಮಣ್ಣಿಗೂ ನಡುವೆ ಸಂದು ಉಳಿದರೆ ನಡುಕ ಮಣ್ಣಿಗೆ ಹೋಗುವುದೇ ಇಲ್ಲ, ಸುಮ್ನೆ ಗಾಳಿಯಲ್ಲಿ ಗುಂಯ್‌ಗುಡುತ್ತದೆ.

ಈ ಗುಂಯ್ ವಿಷಯಕ್ಕೆ ಬರೋಣ. ಹಗಲು ಹೊತ್ತು ಗಮನಕ್ಕೇ ಬರುವುದಿಲ್ಲ. ರಾತ್ರಿ ಎಲ್ಲ ನಿಶ್ಶಬ್ದ ಆದ ಮೇಲೆ, ಕಿಟಕಿ ತೆರೆದು ಮಲಗಿದರೆ ಗೊತ್ತಾಗುತ್ತದೆ ನೋಡಿ. ಒಂದು ಗುಂಯ್. ಇನ್ನೇನು ನಿದ್ದೆ ಹತ್ತಿತು ಅನ್ನುವಾಗ ಇನ್ನೊಂದು ಗುಂಯ್. ನಾಲ್ಕು ಗೂಟ ಹಾಕಿದರೆ ನಾಲ್ಕೂ ಒಂದೇ ತಾಳದಲ್ಲಿ ಇರುವುದಿಲ್ಲ, ಒಂದು ಮುಗಿಸಿದರೆ ಇನ್ನೊಂದು ಶುರು ಮಾಡುತ್ತದೆ. ಮೋಲ್ ಓಡುತ್ತೋ ಇಲ್ವೋ, ಪಕ್ಕದ ಮನೆಯವರು ಮಾತಾಡಿಸಲು ಬರುವುದಂತೂ ಖಂಡಿತ. ಮಲಗುವ ಕೋಣೆಯ ಕಡೆ ಹಾಕುವ ಯೋಚನೆ ಇದ್ದರೆ ಕೈಬಿಡಿ.

ಮಳೆಗೆ ತಡೆಯುತ್ತದೆ ಎಂದು ಬರೆದಿರುವುದನ್ನು ಪೂರ್ತಿ ನಂಬಬೇಡಿ. ತಲೆ ಮತ್ತು ಕಾಂಡ ಸೇರುವ ಕಡೆ ಒಂದು ರಬ್ಬರ್ ಬಳೆ ಇರುತ್ತದೆ. ಅದು ಸರಿಯಾಗಿ ಕೂತಿಲ್ಲದಿದ್ದರೆ ಒಳಗೆ ನೀರು ಸೇರಿ ಸರ್ಕ್ಯೂಟ್ ಹಸಿರುಗಟ್ಟುತ್ತದೆ. ನನ್ನ ಪ್ಯಾಕಿನಲ್ಲಿ ಒಂದು ಹಾಗೇ ಸತ್ತಿತು. ಮಾರಿದವರಿಗೆ ಬರೆದರೆ, ನೀವು ಹಾಕಿದ ರೀತಿ ಸರಿಯಿಲ್ಲ ಎಂಬ ಉತ್ತರ ಬಂತು. ಇರಲಿ.

ಈಗ ಅಸಲು ಪ್ರಶ್ನೆ. ಮೋಲ್ ಹೋಯಿತಾ?

ಶುರುವಿನಲ್ಲಿ ಹೋದ ಹಾಗೇ ಕಂಡಿತು. ಗೂಟದ ಸುತ್ತ ಹೊಸ ಗುಡ್ಡೆ ಏಳುವುದು ನಿಂತಿತು. ಆನ್‌ಲೈನ್‌ನಲ್ಲಿ ಐದು ಸ್ಟಾರ್ ಕೊಟ್ಟು 'ಅದ್ಭುತ, ಒಂದೇ ವಾರದಲ್ಲಿ ಮಾಯ' ಎಂದು ಬರೆಯುವವರೆಲ್ಲ ಬರೆಯುವುದು ಈ ಹೊತ್ತಿನಲ್ಲೇ. ಇನ್ನೂ ಸ್ವಲ್ಪ ದಿನ ಕಾದರೆ ಆ ಮಾತು ಬರೆಯುತ್ತಿರಲಿಲ್ಲ. ನನ್ನಲ್ಲಿ ಗುಡ್ಡೆಗಳು ಮೊದಲು ತೋಟದ ಇನ್ನೊಂದು ಮೂಲೆಗೆ ಹೋದವು, ಆಮೇಲೆ ವಾಪಸ್ ಬಂದವು. ಕೊನೆಗೆ ಒಂದು ಗುಡ್ಡೆ ಗೂಟದಿಂದ ಒಂದು ಗೇಣು ದೂರದಲ್ಲಿ ಎದ್ದಿತು, ಬೇಕೆಂದೇ ಮಾಡಿದ ಹಾಗೆ.

ಹೀಗೇಕೆ ಅನ್ನುವುದು ಈ ಪ್ರಾಣಿಯ ಬದುಕು ಗೊತ್ತಾದರೆ ಅರ್ಥವಾಗುತ್ತದೆ. ಮೋಲ್ ಇಲಿಯ ಜಾತಿಯದಲ್ಲ. ಮೂಗಿಲಿ, ಮುಳ್ಳುಹಂದಿ ಅಲ್ಲದ ಆ ಪುಟ್ಟ ಹೆಡ್ಜ್‌ಹಾಗ್, ಇವುಗಳ ನೆಂಟ. ಯೂರೋಪಿನ ಮೋಲ್ ತೂಗುವುದು ಸುಮಾರು 100 ಗ್ರಾಂ ಅಷ್ಟೇ. ತಿನ್ನುವುದು ಮುಖ್ಯವಾಗಿ ಎರೆಹುಳು, ಜೊತೆಗೆ ಮಣ್ಣಿನಲ್ಲಿರುವ ದುಂಬಿಗಳ ಮರಿಹುಳು. ದಿನಕ್ಕೆ ತನ್ನ ತೂಕದ ಅರ್ಧದಷ್ಟಾದರೂ ತಿನ್ನಬೇಕು, ಇಲ್ಲದಿದ್ದರೆ ಬದುಕುವುದಿಲ್ಲ. ಜಾಸ್ತಿ ಸಿಕ್ಕರೆ ಎರೆಹುಳುಗಳನ್ನು ಕಚ್ಚಿ, ಅಲ್ಲಾಡದ ಹಾಗೆ ಮಾಡಿ, ಜೀವಂತವಾಗಿಯೇ ನೆಲದೊಳಗೆ ಕೂಡಿಡುತ್ತದೆ. ನೂರಾರು ಹುಳು ಇರುವ ಉಗ್ರಾಣಗಳು ಸಿಕ್ಕಿವೆ. ಇಂಥ ಹಸಿವಿನ ಪ್ರಾಣಿ ಹುಳು ಇರುವ ಕಡೆ ಹೋಗುತ್ತದೆ, ಹುಳು ಕಡಿಮೆಯಾದರೆ ಜಾಗ ಬದಲಿಸುತ್ತದೆ. ನೆಲ ಒಣಗಿದಾಗ, ಚಳಿ ಜಾಸ್ತಿಯಾದಾಗ ಎರೆಹುಳು ಆಳಕ್ಕೆ ಇಳಿಯುತ್ತವೆ, ಅವುಗಳ ಹಿಂದೆಯೇ ಮೋಲ್ ಕೂಡ. ಮೇಲೆ ಗುಡ್ಡೆ ನಿಲ್ಲುತ್ತದೆ. ಹಿಂದಿನ ವಾರ ನೀವು ಗೂಟ ಹಾಕಿದ್ದರೆ ಅದರ ಹೆಸರೆಲ್ಲ ಗೂಟಕ್ಕೆ! ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಬಂದು ನೋಡಿ.

ಇನ್ನು ಸದ್ದಿಗೆ ಹೆದರುವ ಮಾತು. ಮೋಲ್‌ಗೆ ಕಣ್ಣು ಇದ್ದೂ ಇಲ್ಲದ ಹಾಗೆ, ಬೆಳಕು ಕತ್ತಲೆ ತಿಳಿಯುವುದಕ್ಕಿಂತ ಹೆಚ್ಚೇನೂ ಆಗುವುದಿಲ್ಲ. ಅದರ ಬದಲು ಮೂತಿಯ ತುದಿಯಲ್ಲಿ ಮುಟ್ಟಿ ತಿಳಿಯುವ ಶಕ್ತಿ ಬಹಳ. ಆ ತುದಿಯಲ್ಲಿರುವ ಪುಟ್ಟ ಪುಟ್ಟ ಗುಬುಟುಗಳನ್ನು ಐಮರ್ ಎಂಬ ಜರ್ಮನ್ ವಿಜ್ಞಾನಿ 1871ರಲ್ಲಿ ವಿವರಿಸಿದ, ಇವತ್ತಿಗೂ ಅವನ ಹೆಸರಿನಲ್ಲೇ ಕರೆಯುತ್ತಾರೆ. ನಡುಕ ಅದಕ್ಕೆ ಗೊತ್ತಾಗುವುದಿಲ್ಲ ಅಂತಲ್ಲ, ಗೊತ್ತಾಗುತ್ತದೆ. ಆದರೆ ಅರ್ಧ ನಿಮಿಷಕ್ಕೊಮ್ಮೆ ಅದೇ ಜಾಗದಿಂದ ಅದೇ ಸದ್ದು ಬರುತ್ತಾ, ಅದರಿಂದ ಏನೂ ಕೇಡಾಗದಿದ್ದರೆ ಯಾವ ಪ್ರಾಣಿಗೂ ಅಭ್ಯಾಸವಾಗಿಹೋಗುತ್ತದೆ. ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಹುಲ್ಲಿನಲ್ಲೇ ಸಾಲಾಗಿ ಮೋಲ್ ಗುಡ್ಡೆ ಇರುತ್ತವೆ. ಲಾರಿಗೆ ಹೆದರದ್ದು ಪ್ಲಾಸ್ಟಿಕ್ ಗೂಟಕ್ಕೆ ಹೆದರುತ್ತದಾ?

ಡಬ್ಬದ ಮೇಲೆ ದೊಡ್ಡದಾಗಿ 'ಅಲ್ಟ್ರಾಸಾನಿಕ್' ಎಂದು ಇದ್ದರೆ ಇನ್ನೂ ಅನುಮಾನ ಪಡಿ. ಅಲ್ಟ್ರಾಸಾನಿಕ್ ಅಂದರೆ 20,000 ಹರ್ಟ್ಜ್‌ಗಿಂತ ಮೇಲಿನದು, ನಮ್ಮ ಕಿವಿಗೆ ಕೇಳಿಸಬಾರದು. ಅಂಥ ಸದ್ದು ಮಣ್ಣಿನೊಳಗೆ ಸ್ವಲ್ಪ ದೂರವೂ ಹೋಗುವುದಿಲ್ಲ. ಈ ಗೂಟಗಳು ಮಾಡುವುದು ಸಾಮಾನ್ಯವಾಗಿ 300, 400 ಹರ್ಟ್ಜ್ ಸದ್ದು, ಅದಕ್ಕೇ ನಿಮಗೂ ಪಕ್ಕದ ಮನೆಗೂ ಕೇಳಿಸುವುದು. ಕೀಟ, ಇಲಿ ಓಡಿಸುವ ಅಲ್ಟ್ರಾಸಾನಿಕ್ ಯಂತ್ರಗಳ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಹೇಳಿಕೊಳ್ಳುವುದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಎಂದು. ಅಷ್ಟು ವರ್ಷ ಕಳೆದರೂ ಡಬ್ಬದ ಮೇಲಿನ ಮಾತು ಬದಲಾಗಿಲ್ಲ.

ಕೊಳ್ಳುವ ಮುಂಚೆ ಇನ್ನೊಂದು ವಿಷಯ ನೋಡಿ, ನಿಮ್ಮ ತೋಟದಲ್ಲಿರುವುದು ಮೋಲ್ ಹೌದಾ? ಗೂಟದ ಡಬ್ಬದ ಮೇಲೆ ಮೋಲ್, ವೋಲ್ (ಇಲಿಯಂಥ ಪುಟ್ಟ ಪ್ರಾಣಿ), ಗೋಫರ್ (ಬಿಲ ತೋಡುವ, ಬೇರು ತಿನ್ನುವ ಇನ್ನೊಂದು ಪ್ರಾಣಿ), ಇಲಿ, ಹಾವು, ಎಲ್ಲದರ ಚಿತ್ರ ಹಾಕಿಬಿಟ್ಟಿರುತ್ತಾರೆ. ಮೋಲ್ ಇರುವುದು ಯೂರೋಪು, ಏಷ್ಯಾ, ಉತ್ತರ ಅಮೆರಿಕದಲ್ಲಿ, ಅಲ್ಲೂ ಎಲ್ಲ ಕಡೆ ಇಲ್ಲ. ಮೋಲ್ ಗುಡ್ಡೆ ದುಂಡಗೆ, ನಡುವೆ ತೂತು ಕಾಣದ ಹಾಗೆ ಇರುತ್ತದೆ. ಗುಡ್ಡೆಗಳ ನಡುವೆ ಹುಲ್ಲು ಗೆರೆ ಎಳೆದಂತೆ ಉಬ್ಬಿರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಮಣ್ಣು ಬೀಸಣಿಗೆಯ ಆಕಾರದಲ್ಲಿ ಒಂದೇ ಕಡೆ ಚೆಲ್ಲಿದ್ದರೆ ಅದು ಗೋಫರ್. ತೂತಿನ ಬಾಯಿ ತೆರೆದಿದ್ದು, ಗೆಡ್ಡೆ, ಬೇರು, ತೊಗಟೆ ಕಡಿದಿದ್ದರೆ ವೋಲೋ ಹೆಗ್ಗಣವೋ ಇರಬೇಕು. ಮೋಲ್ ಗಿಡ ತಿನ್ನುವುದಿಲ್ಲ. ಅದು ಸುರಂಗ ಕೊರೆದಾಗ ಬೇರಿನ ಕೆಳಗೆ ಮಣ್ಣು ಸಡಿಲವಾಗಿ ಸಸಿ ಬಾಡಬಹುದು, ಅದೇ ಸುರಂಗದಲ್ಲಿ ಆಮೇಲೆ ವೋಲ್ ನುಗ್ಗಿ ಬೇರು ಕಡಿಯಬಹುದು. ಬೈಗುಳ ಮಾತ್ರ ಮೋಲ್‌ಗೆ.

ಗೂಟದ ಆಸೆ ಬಿಟ್ಟ ಮೇಲೆ ನಾನು ಹಿಡಿದದ್ದು ಹರಳೆಣ್ಣೆ. ಹೌದು, ಅದೇ ಹರಳೆಣ್ಣೆ. ಅದನ್ನು ಬೆರೆಸಿದ ಕಾಳಿನಂಥ ಪುಡಿ ಸಿಗುತ್ತದೆ, ನೀರಿಗೆ ಬೆರೆಸಿ ಸಿಂಪಡಿಸುವ ದ್ರವವೂ ಸಿಗುತ್ತದೆ. ಚೆಲ್ಲಿ ಸುಮ್ಮನಾದರೆ ಪ್ರಯೋಜನವಿಲ್ಲ, ಚೆನ್ನಾಗಿ ನೀರು ಬಿಟ್ಟು ಅದು ಮಣ್ಣಿಗೆ ಇಳಿಯಬೇಕು. ಇಡೀ ತೋಟಕ್ಕೆ ಒಂದೇ ಸಲ ಹಾಕಬೇಡಿ. ಮನೆಯ ಕಡೆಯಿಂದ ಶುರು ಮಾಡಿ, ದಿನ ಬಿಟ್ಟು ಬೇಲಿಯ ಕಡೆಗೆ ಹೋಗಿ, ಅದಕ್ಕೆ ಹೊರಗೆ ಹೋಗಲು ದಾರಿ ಇರಲಿ. ಜೋರು ಮಳೆ ಬಂದರೆ ಮತ್ತೆ ಹಾಕಬೇಕು, ಹೇಗಿದ್ದರೂ ಒಂದೆರಡು ತಿಂಗಳಿಗಿಂತ ಜಾಸ್ತಿ ತಡೆಯುವುದಿಲ್ಲ. ಎಲ್ಲರಿಗೂ ಕೆಲಸ ಮಾಡುತ್ತದೆ ಎಂದು ಹೇಳಲಾರೆ. ನನ್ನಲ್ಲಿ ಗುಡ್ಡೆಗಳು ಬೇಲಿಯ ಆಚೆಗೆ ಹೋದವು, ಗೂಟ ಇಷ್ಟನ್ನೂ ಮಾಡಿರಲಿಲ್ಲ. ಇದಕ್ಕೆ 5ಕ್ಕೆ 3.5 ಕೊಡುತ್ತೇನೆ. ವಾಸನೆ ನಿಮಗೂ ಸ್ವಲ್ಪ ಬರುತ್ತದೆ, ಅಷ್ಟು ಸಹಿಸಿಕೊಳ್ಳಿ.

ತರಕಾರಿ ಮಡಿ ಕಾಪಾಡಿಕೊಳ್ಳಬೇಕಾದರೆ ಬಲೆಯೇ ಸರಿ. ಮಡಿಯ ಕೆಳಗೆ ಸಣ್ಣ ಕಣ್ಣಿನ ತಂತಿ ಬಲೆ ಹಾಸಿ, ಅಂಚನ್ನು ಮೇಲಕ್ಕೆ ಮಡಚಿ, ಆಮೇಲೆ ಮಣ್ಣು ತುಂಬುವುದು. ಬೆನ್ನು ಮುರಿಯುವ ಕೆಲಸ, ಆದರೆ ಒಮ್ಮೆ ಮಾಡಿದರೆ ವರ್ಷಗಟ್ಟಲೆ ಚಿಂತೆ ಇಲ್ಲ. ತುಕ್ಕು ಹಿಡಿಯದ ತಂತಿ ಕೊಳ್ಳಿ. ದೊಡ್ಡ ಹುಲ್ಲುಹಾಸಿಗೆ ಇದು ಆಗುವ ಮಾತಲ್ಲ.

ಸ್ಪ್ರಿಂಗ್ ಬೋನು ಎಲ್ಲಕ್ಕಿಂತ ಖಚಿತ ದಾರಿ ಎಂದು ಅನುಭವ ಇದ್ದವರು ಹೇಳುತ್ತಾರೆ, ಸರಿಯಾದ ಸುರಂಗಕ್ಕೆ ಇಟ್ಟರೆ ಮಾತ್ರ. ಉಬ್ಬಿದ ಗೆರೆಯನ್ನು ಕಾಲಿನಿಂದ ತುಳಿದು ಚಪ್ಪಟೆ ಮಾಡಿ, ಒಂದೆರಡು ದಿನದಲ್ಲಿ ಮತ್ತೆ ಉಬ್ಬಿದರೆ ಅದು ಈಗಲೂ ಓಡಾಡುವ ದಾರಿ. ನಾನು ಬೋನಿನ ಕಡೆ ಹೋಗಲಿಲ್ಲ, ಮನಸ್ಸು ಬರಲಿಲ್ಲ. ಹೋಗುವವರು ಮೊದಲು ನಿಮ್ಮ ಕಡೆಯ ಕಾನೂನು ವಿಚಾರಿಸಿ. ಜರ್ಮನಿಯಲ್ಲಿ ಮೋಲ್‌ಗೆ ಕಾನೂನಿನ ರಕ್ಷಣೆ ಇದೆ, ಕೊಲ್ಲುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಬೋನಿಗೆ ಅವಕಾಶ ಇದೆ, ಹಿಂದೆ ಬಳಸುತ್ತಿದ್ದ ಸ್ಟ್ರಿಕ್ನಿನ್ ವಿಷವನ್ನು ಮಾತ್ರ 2006ರಲ್ಲಿ ನಿಲ್ಲಿಸಿದರು. ಬಿಲಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹಾಕಿ ಅನ್ನುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ತೇವ ತಾಗಿದ ಕೂಡಲೇ ಅದರಿಂದ ಬರುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ, ತರಬೇತಿ, ಪರವಾನಗಿ ಇಲ್ಲದವರು ಮುಟ್ಟುವ ವಸ್ತುವಲ್ಲ. ಸುರಂಗಕ್ಕೆ ಗಾಜಿನ ಚೂರು, ಬ್ಲೇಡು ಹಾಕುವುದೂ ಬೇಡ. ಮೋಲ್ ಪಕ್ಕದಲ್ಲಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ, ಮುಂದೊಂದು ದಿನ ಅಲ್ಲಿ ಗುದ್ದಲಿ ಹಾಕುವ ನಿಮ್ಮ ಕೈಗೇ ಗಾಯ.

ಏನೂ ಮಾಡದೆ ಬಿಡುವುದೂ ಒಂದು ದಾರಿ, ಅಲ್ವಾ? ಮೋಲ್ ಒಂಟಿ ಪ್ರಾಣಿ. ಇಷ್ಟೊಂದು ಗುಡ್ಡೆ ನೋಡಿ ದಂಡೇ ಬಂದಿದೆ ಅಂದುಕೊಳ್ಳುತ್ತೇವೆ, ಬಹಳ ಸಲ ಇರುವುದು ಒಂದೇ. ಗಂಟೆಗೆ ನಾಲ್ಕೈದು ಮೀಟರ್ ಕೊರೆಯುವ ಶಕ್ತಿ ಅದಕ್ಕಿದೆ. ಅದನ್ನು ಓಡಿಸಿದರೂ ಖಾಲಿ ಸುರಂಗಕ್ಕೆ ಇನ್ನೊಂದು ಬಂದು ಸೇರಬಹುದು. ಗುಡ್ಡೆಯ ಮಣ್ಣು ಜರಡಿ ಹಿಡಿದಷ್ಟು ನುಣುಪಾಗಿರುತ್ತದೆ, ಬಾಚಿ ಕುಂಡಕ್ಕೆ ತುಂಬಿ. ಓಡಾಡುವ ದಾರಿಯಲ್ಲಿ ಮಾತ್ರ ಗುಡ್ಡೆ, ಕುಸಿದ ಸುರಂಗ ಬಿಡಬೇಡಿ, ಕಾಲು ಉಳುಕುತ್ತದೆ. ಇಂಗ್ಲೆಂಡಿನ ರಾಜ ಮೂರನೇ ವಿಲಿಯಂ 1702ರಲ್ಲಿ ಕುದುರೆಯಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡ. ಕುದುರೆ ಎಡವಿದ್ದು ಮೋಲ್ ಗುಡ್ಡೆಗೆ ಎನ್ನುತ್ತಾರೆ, ಅವನ ವಿರೋಧಿಗಳು ಆಮೇಲೆ 'ಕಪ್ಪು ಮಖಮಲ್ಲಿನ ಅಂಗಿ ತೊಟ್ಟ ಪುಟ್ಟ ಮಹನೀಯ'ನ, ಅಂದರೆ ಆ ಮೋಲ್‌ನ, ಹೆಸರಲ್ಲಿ ಗ್ಲಾಸು ಎತ್ತುತ್ತಿದ್ದರಂತೆ!

ಇಷ್ಟೆಲ್ಲ ಓದಿಯೂ ಗೂಟವನ್ನೇ ಕೊಳ್ಳುತ್ತೇನೆ ಅನ್ನುವವರು ನಾಲ್ಕರ, ಎಂಟರ ಪ್ಯಾಕ್ ಬಿಟ್ಟು ಒಂದೇ ಒಂದು ಕೊಳ್ಳಿ. ಬ್ಯಾಟರಿ ಬದಲಾಯಿಸಲು ಬರುವಂಥದ್ದೇ ಇರಲಿ, ಆನ್ ಆಫ್ ಸ್ವಿಚ್ ಇರಲಿ. ವಾಪಸ್ ಕೊಡುವ ಅವಧಿ ಎಷ್ಟು ಅಂತ ಮೊದಲೇ ನೋಡಿ, ಒಣ ದಿನಗಳಲ್ಲಿ ಪರೀಕ್ಷೆ ಮಾಡಬೇಡಿ. ನೆಲ ಹಸಿಯಾಗಿ, ಗುಡ್ಡೆ ಜೋರಾಗಿ ಏಳುವ ಕಾಲದಲ್ಲೇ ಹಾಕಿ ನೋಡಿ, ಡಬ್ಬ ಹರಿಯದೆ ಇಟ್ಟುಕೊಳ್ಳಿ.