ಪಂದಿಕರಿ ಊರಲ್ಲಿ ಆರ್ಲಿಸ್ಟಾಟ್: 15 ತಿಂಗಳು ನುಂಗಿದ ಮೇಲೆ

ಮೊದಲು ಬಸ್ಸಿನ ಕಥೆ ಹೇಳಿಬಿಡುತ್ತೇನೆ. ಅದನ್ನು ಬಚ್ಚಿಟ್ಟು ತೂಕ ಇಳಿಸುವ ಈ ಮಾತ್ರೆಯ ಬಗ್ಗೆ ಬರೆದರೆ ಮೋಸ ಮಾಡಿದ ಹಾಗೆ.

ಕಳೆದ ವರ್ಷ ಸೆಪ್ಟೆಂಬರ್, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಮರುದಿನ. ಹಿಂದಿನ ರಾತ್ರಿ ಪಕ್ಕದ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿಕರಿ (ಹಂದಿ ಮಾಂಸದ ಸಾರು). ಆ ಮನೆಯ ಅಕ್ಕ ಕೊಬ್ಬಿನ ತುಂಡುಗಳನ್ನೇ ಆರಿಸಿ ತಟ್ಟೆಗೆ ಹಾಕಿದರು, ನಾನೂ ಬೇಡ ಅನ್ನಲಿಲ್ಲ. ಕೊಬ್ಬನ್ನು ಮಾತ್ರೆ ನೋಡಿಕೊಳ್ಳುತ್ತದೆ ಎಂಬ ಧೈರ್ಯ. ನೋಡಿಕೊಂಡಿತು! ಬೆಳಿಗ್ಗೆ ಗೋಣಿಕೊಪ್ಪದಲ್ಲಿ ಮೈಸೂರು ಬಸ್ಸು ಹತ್ತಿದೆ. ತಿತಿಮತಿ ದಾಟಿ ಆನೆಚೌಕೂರು ಕಾಡು ಬರುವ ಹೊತ್ತಿಗೆ ಹೊಟ್ಟೆ ಗುಡುಗತೊಡಗಿತು. ಅದು ಆನೆ ಓಡಾಡುವ ಜಾಗ, ಸ್ವಲ್ಪ ನಿಲ್ಲಿಸಿ ಎಂದು ಕಂಡಕ್ಟರನ್ನು ಕೇಳುವಂತಿಲ್ಲ. ಹುಣಸೂರು ತಲುಪಿದಾಗ ತಿಳಿ ಹಳದಿ ಚೂಡಿದಾರದ ಮೇಲೆ ಕಿತ್ತಳೆ ಬಣ್ಣದ ಎಣ್ಣೆ ಕಲೆ. ಶಾಲು ಸುತ್ತಿಕೊಂಡು ಇಳಿದೆ. ಮೂರು ಸಲ ಒಗೆದರೂ ಕಲೆ ಹೋಗಲಿಲ್ಲ. ಈಗ ಅದು ಒಲೆ ಒರೆಸುವ ಬಟ್ಟೆ.

ಇದು ಮಾತ್ರೆಯ ದೋಷ ಅಲ್ಲ, ಅದರ ಕೆಲಸವೇ ಅದು. ಆರ್ಲಿಸ್ಟಾಟ್ ಹಸಿವು ಕಡಿಮೆ ಮಾಡುವುದಿಲ್ಲ. ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ರಸವನ್ನು ಹೊಟ್ಟೆ ಮತ್ತು ಕರುಳಲ್ಲೇ ತಡೆಯುತ್ತದೆ. ತಿಂದ ಕೊಬ್ಬಿನಲ್ಲಿ ಸುಮಾರು 30 ಪರ್ಸೆಂಟ್ ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತದೆ. ಜಾಸ್ತಿ ತಿಂದರೆ ಜಾಸ್ತಿ ಹೋಗುತ್ತದೆ, ಹೇಳದೆ ಕೇಳದೆ ಹೋಗುತ್ತದೆ. ಇನ್ನು ಕಡಂಬುಟ್ಟು, ಅಕ್ಕಿ ರೊಟ್ಟಿ, ಬೆಲ್ಲದ ಪಾಯಸ ಇವಕ್ಕೆ ಈ ಮಾತ್ರೆ ಏನೂ ಮಾಡುವುದಿಲ್ಲ. ನನಗೆ ಇದು ಅರ್ಥವಾಗಲು ಎರಡು ತಿಂಗಳು ಬೇಕಾಯಿತು. ಪಂದಿ ಕಡಿಮೆ ಮಾಡಿ ಕಡಂಬುಟ್ಟು ಜಾಸ್ತಿ ತಿನ್ನುತ್ತಿದ್ದೆ.

ನನ್ನ ಲೆಕ್ಕ ಹೀಗಿತ್ತು. ವಯಸ್ಸು 44, ಎತ್ತರ 158 ಸೆಂಟಿಮೀಟರ್, ತೂಕ 81 ಕೆಜಿ. ಎತ್ತರಕ್ಕೆ ತೂಕ ಎಷ್ಟು ಎಂದು ಹೇಳುವ ಬಿಎಂಐ 32 ದಾಟಿತ್ತು. ನಮ್ಮ ಜನಕ್ಕೆ 25 ಆದರೇ ಬೊಜ್ಜು ಎಂದು ಲೆಕ್ಕವಂತೆ. ಕಳೆದ ವರ್ಷ ಜೂನ್‌ನಲ್ಲಿ, ಮಳೆ ಹಿಡಿದ ದಿನಗಳಲ್ಲಿ, ಒಂದು ಕ್ಲಿನಿಕ್‌ನಲ್ಲಿ 120 ಮಿಲಿಗ್ರಾಂ ಕ್ಯಾಪ್ಸೂಲ್ ದಿನಕ್ಕೆ ಮೂರು ಎಂದು ಬರೆದುಕೊಟ್ಟರು. ಬೇರೆ ಏನು ಮಾತ್ರೆ ತಗೊಳ್ತೀರಿ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. 11 ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ. ಅದು ನನಗೆ ಔಷಧಿ ಅಂತಲೇ ಅನ್ನಿಸುತ್ತಿರಲಿಲ್ಲ, ಹಲ್ಲುಜ್ಜಿದ ಹಾಗೆ ಅಭ್ಯಾಸ.

ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ, 8 ಗಂಟೆಗೆ ರೊಟ್ಟಿ ಜೊತೆ ಕ್ಯಾಪ್ಸೂಲ್. ಜುಲೈ ಕೊನೆಗೆ ಮೈಯೆಲ್ಲ ಭಾರ, ಬಾಚಣಿಗೆ ತುಂಬ ಕೂದಲು. ತೂಕ ಇಳಿಯುತ್ತಿದೆ, ಅದಕ್ಕೇ ಸುಸ್ತು ಎಂದು ಅತ್ತೆ ರಾಗಿ ಗಂಜಿ ಕೊಟ್ಟರು. ರಕ್ತ ಪರೀಕ್ಷೆ ಮಾಡಿಸಿದರೆ, ಥೈರಾಯ್ಡ್ ಸಾಲದಾದಾಗ ಏರುವ ಟಿಎಸ್‌ಹೆಚ್ 9 ದಾಟಿತ್ತು. ವಿರಾಜಪೇಟೆಯ ಬೇರೊಬ್ಬ ಡಾಕ್ಟರ್ ಚೀಟಿ ನೋಡಿದ ತಕ್ಷಣ ಹೇಳಿದರು: 'ಈ ಎರಡರ ಮಧ್ಯೆ 4 ಗಂಟೆಯಾದರೂ ಇರಬೇಕು ಕಣಮ್ಮ. ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ.'

ಅವರು ಬೆಳಗಿನ ಕ್ಯಾಪ್ಸೂಲ್ ತೆಗೆದೇಬಿಟ್ಟರು. ಮಧ್ಯಾಹ್ನ ಒಂದು, ರಾತ್ರಿ ಒಂದು. ಊಟದ ಜೊತೆ, ಇಲ್ಲದಿದ್ದರೆ ಊಟವಾಗಿ ಒಂದು ಗಂಟೆಯೊಳಗೆ. ಊಟ ಬಿಟ್ಟರೆ ಅಥವಾ ಎಣ್ಣೆ ಜಿಡ್ಡಿಲ್ಲದ ಗಂಜಿ ಉಂಡರೆ ಕ್ಯಾಪ್ಸೂಲೂ ಬೇಡ. ಮರೆತದ್ದಕ್ಕೆ ಎರಡು ಒಟ್ಟಿಗೆ ನುಂಗುವ ಹಾಗಿಲ್ಲ. ಕೊಬ್ಬಿನ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಟು ಹೋಗುತ್ತವೆ, ಹಾಗಾಗಿ ಒಂದು ವಿಟಮಿನ್ ಮಾತ್ರೆ. ಅದನ್ನೂ ಕ್ಯಾಪ್ಸೂಲ್ ಜೊತೆ ನುಂಗಿದರೆ ದಂಡ, ಎರಡು ಗಂಟೆ ಬಿಡಬೇಕು. ನಾನು ಮಲಗುವಾಗ ತಗೊಳ್ಳುತ್ತೇನೆ. ಎರಡು ತಿಂಗಳ ನಂತರ ಟಿಎಸ್‌ಹೆಚ್ ಜಾಗಕ್ಕೆ ಬಂತು. ಕೂದಲು ಮಾತ್ರ ಅಷ್ಟು ಬೇಗ ಮಾತು ಕೇಳಲಿಲ್ಲ.

ಎಣ್ಣೆಯ ಲೆಕ್ಕವನ್ನೂ ಅವರೇ ಕೊಟ್ಟದ್ದು. ನನ್ನ ಪಥ್ಯದಲ್ಲಿ ಒಂದು ಊಟಕ್ಕೆ ಕೊಬ್ಬು ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಎಣ್ಣೆಯಷ್ಟು. ಒಗ್ಗರಣೆ, ತೆಂಗಿನಕಾಯಿ, ಮಾಂಸ ಎಲ್ಲ ಸೇರಿ. ಇಷ್ಟು ಗೊತ್ತಿದ್ದೂ ಕೈಲ್‌ಪೊಳ್ದ್ ರಾತ್ರಿ ಆ ತಟ್ಟೆಗೆ ಕೈ ಹಾಕಿದೆನಲ್ಲ, ಅದಕ್ಕೇ ಬಸ್ಸಿನ ಕಥೆಯನ್ನು ಮೊದಲು ಹೇಳಿದ್ದು.

ನಮ್ಮ ಮಳೆಗಾಲದ ಕಕ್ಕಡ ತಿಂಗಳ 18ರ ದಿನ ಇನ್ನೊಂದು ತಮಾಷೆ. ಈ ಮಾತ್ರೆಯಿಂದ ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದದ್ದುಂಟು, 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಎಚ್ಚರಿಕೆಯನ್ನು ಔಷಧಿಯ ಮಾಹಿತಿ ಚೀಟಿಗೆ ಸೇರಿಸಿತು. ಕಣ್ಣು ಹಳದಿಯಾದರೆ, ಮೈ ತುರಿಸಿದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ ಬನ್ನಿ ಎಂದು ಡಾಕ್ಟರ್ ಹೇಳಿ ವಾರವೂ ಆಗಿರಲಿಲ್ಲ. ಆಗಸ್ಟ್ 3, ಸಂಜೆ ಬಚ್ಚಲಿಗೆ ಹೋದರೆ ಮೂತ್ರ ಕೆಂಪು! ಎದೆ ಧಸಕ್ಕೆಂದಿತು. ಫೋನ್ ಕೈಗೆತ್ತಿಕೊಂಡ ಮೇಲೆ ನೆನಪಾಯಿತು, ಮಧ್ಯಾಹ್ನ ಆ ದಿನದ ಮದ್ದುಸೊಪ್ಪಿನ ಪಾಯಸ ಕುಡಿದಿದ್ದೆ, ಅದು ಮೂತ್ರವನ್ನು ಕೆಂಪು ಮಾಡುತ್ತದೆ. ಆ ದಿನ ಅರ್ಧ ಕೊಡಗಿನದ್ದು ಕೆಂಪೇ. ಆದರೆ ಪಾಯಸ ಕುಡಿಯದ ದಿನ ಹಾಗಾದರೆ ನಗುತ್ತ ಕೂರಬೇಡಿ.

ಊರಿನ ಮಾತು ಬಂತು ಅಂತ ಇನ್ನೊಂದು. ಒಂದು ಹುಳಿ ಹಣ್ಣಿನ ರಸ ಕಾಯಿಸಿ ಮಾಡುವ ಕಪ್ಪು ಕಾಚಂಪುಳಿ ಹಾಕದೆ ಪಂದಿಕರಿ ಆಗುವುದಿಲ್ಲ. ಅದೇ ಹಣ್ಣಿನ ಸತ್ವವನ್ನು 'ಗಾರ್ಸಿನಿಯಾ ಕಾಂಬೋಜಿಯಾ' ಎಂಬ ಹೆಸರಲ್ಲಿ ಡಬ್ಬಿಗೆ ತುಂಬಿ ಬೊಜ್ಜಿನ ಮದ್ದು ಎಂದು ಮಾರುತ್ತಾರೆ. ನನ್ನ ನಾದಿನಿ ಆನ್‌ಲೈನ್‌ನಲ್ಲಿ ತರಿಸಿ, 'ನಮ್ಮ ಕಾಚಂಪುಳಿನೇ ಅಲ್ವಾ ಅತ್ತಿಗೆ, ಏನಾಗುತ್ತೆ' ಎಂದಳು. ಕರಿಗೆ ಒಂದು ಚಮಚ ಹಾಕುವುದು ಬೇರೆ, ಗಟ್ಟಿ ಸತ್ವವನ್ನು ತಿಂಗಳುಗಟ್ಟಲೆ ನುಂಗುವುದು ಬೇರೆ. ಅದರಿಂದಲೂ ಲಿವರ್ ಕೆಟ್ಟ ವರದಿಗಳಿವೆ. ಆಯುರ್ವೇದ ಎಂದು ಬರೆದ ಹೆಸರಿಲ್ಲದ ಪುಡಿಗಳ ಸಹವಾಸವಂತೂ ಬೇಡವೇ ಬೇಡ. ತೂಕ ಇಳಿಸುವ ಸಿಬುಟ್ರಮಿನ್ ಎಂಬ ಮಾತ್ರೆ ಹೃದಯಕ್ಕೆ ಅಪಾಯ ಎಂದು 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾಯಿತು. ಅದನ್ನೇ ಕದ್ದು ಬೆರೆಸಿದ ತೂಕ ಇಳಿಸುವ ಪುಡಿ, ಕ್ಯಾಪ್ಸೂಲ್‌ಗಳು ಆಮೇಲೂ ಸಿಕ್ಕಿಬಿದ್ದಿವೆ.

ಸರಿ, ತೂಕ ಎಷ್ಟು ಇಳಿಯಿತು? 12 ವಾರಕ್ಕೆ 76.7. ಅಷ್ಟರೊಳಗೆ 5 ಪರ್ಸೆಂಟ್ ಇಳಿಯದಿದ್ದರೆ ಸುಮ್ನೆ ಮುಂದುವರಿಸುವುದಿಲ್ಲ ಎಂದು ಡಾಕ್ಟರ್ ಮೊದಲೇ ಹೇಳಿದ್ದರು, ಅಂಚಿನಲ್ಲಿ ಪಾಸಾದೆ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದಲ್ಲಿ ನಡೆದಾಡಿ 72ಕ್ಕೆ ಬಂತು. ಏಪ್ರಿಲ್, ಮೇ ಮದುವೆಗಳಲ್ಲಿ ಸ್ವಲ್ಪ ಏರಿತು. ಇವತ್ತು 72.8. ಹದಿನೈದು ತಿಂಗಳಿಗೆ 8 ಕೆಜಿ ಚಿಲ್ಲರೆ. ಕಡಿಮೆ ಅನ್ನಿಸಿತಾ? ನನಗೂ ಅನ್ನಿಸಿತ್ತು. ಸ್ವೀಡನ್‌ನಲ್ಲಿ 3,300ಕ್ಕೂ ಹೆಚ್ಚು ಜನರ ಮೇಲೆ 4 ವರ್ಷ ಪರೀಕ್ಷೆ ಮಾಡಿ 2004ರಲ್ಲಿ ಫಲಿತಾಂಶ ಕೊಟ್ಟರು. ಪಥ್ಯದ ಜೊತೆ ಈ ಮಾತ್ರೆ ತೆಗೆದುಕೊಂಡವರು ಸರಾಸರಿ 5.8 ಕೆಜಿ ಇಳಿದರು, ಪಥ್ಯದ ಜೊತೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ನುಂಗಿದವರು 3 ಕೆಜಿ. ಮಾತ್ರೆಯ ಪಾಲು ಅಷ್ಟೇ. ಉಳಿದದ್ದು ತಟ್ಟೆ, ಚಪ್ಪಲಿ.

ಖರ್ಚು ಸಣ್ಣದಲ್ಲ. ಹತ್ತರ ಸ್ಟ್ರಿಪ್‌ಗೆ ನಾನು 400 ರೂಪಾಯಿ ಮೇಲೆ ಕೊಡುತ್ತೇನೆ, ತಿಂಗಳಿಗೆ ಆರು ಸ್ಟ್ರಿಪ್. ಒಂದು ಮೆಡಿಕಲ್‌ನಲ್ಲಿ ಚೀಟಿ ಕೇಳದೆಯೇ ಕೊಟ್ಟರು. ಅನುಕೂಲ ಆಯಿತು ಎಂದು ಆಗ ಖುಷಿಪಟ್ಟೆ, ಈಗ ಭಯವಾಗುತ್ತದೆ. ಯಾಕೆಂದರೆ ಬಸುರಿಯರಿಗೆ ಇದು ಕೂಡದು. ತಿಂದದ್ದು ಮೈಗೆ ಹತ್ತದ ಕಾಯಿಲೆ ಇದ್ದವರಿಗೆ, ಲಿವರ್‌ನಿಂದ ಪಿತ್ತರಸ ಸರಿಯಾಗಿ ಹರಿಯದೆ ಕಟ್ಟಿಕೊಂಡವರಿಗೆ ಕೂಡದು. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವುದು), ಸೈಕ್ಲೋಸ್ಪೋರಿನ್ (ಅಂಗ ಕಸಿ ಆದವರಿಗೆ ಕೊಡುವುದು), ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ಕಲ್ಲು ಆದವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ಶುಗರ್ ಇದ್ದವರಿಗೆ ತೂಕ ಇಳಿದಂತೆ ಶುಗರ್ ಮಾತ್ರೆಯನ್ನೂ ಕಡಿಮೆ ಮಾಡಬೇಕಾಗಬಹುದು. ಭೇದಿ ಜೋರಾದರೆ ಗರ್ಭ ತಡೆಯುವ ಮಾತ್ರೆ ಕೈಕೊಡಬಹುದು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಮೊದಲ ಎರಡು ತಿಂಗಳಲ್ಲಿ ಕೇಳಿದ್ದರೆ ಒಂದೇ ಕೊಡುತ್ತಿದ್ದೆ.

ಈ ಸಲದ ಕೈಲ್‌ಪೊಳ್ದ್‌ಗೂ ಪಕ್ಕದ ಮನೆಯಿಂದ ಕರೆ ಬಂತು. 'ಅಕ್ಕ, ನನಗೆ ಮೂರೇ ತುಂಡು, ಕೊಬ್ಬಿಲ್ಲದ್ದು' ಎಂದೆ. 'ಹಾಗಾದರೆ ಪಂದಿ ಯಾಕೆ, ಕೋಳಿನೇ ತಿನ್ನು' ಎಂದು ಬೈದು, ಹುಡುಕಿ ಹುಡುಕಿ ಮೂರು ಹಾಕಿದರು. ನವೆಂಬರ್‌ನಲ್ಲಿ ಟಿಎಸ್‌ಹೆಚ್, ಲಿವರ್ ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋಗಬೇಕು. ನಿಲ್ಲಿಸುವುದೋ ಮುಂದುವರಿಸುವುದೋ ಆಗ ತೀರ್ಮಾನ. ಅಲ್ಲಿಯವರೆಗೆ ಮೈಸೂರಿಗೆ ಹೋಗುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಸೊಪ್ಪಿನ ಸಾರು.