ಒತ್ತಿದ್ದು ಎಷ್ಟೊತ್ತಿಗೆ?

ಬೋರ್ಡು ಒಂದೇ, ಮೆನು ಒಂದೇ, ರೇಟೂ ಒಂದೇ. ಆದರೆ ಹಾಸನದ ಅಂಗಡಿಯಲ್ಲಿ ತಿಂದವರು ‘ಹಬ್ಬದ ದಿನ ಮನೇಲಿ ಒತ್ತಿದ ಹಾಗಿತ್ತು’ ಅಂತಾರೆ, ಚಿಕ್ಕಮಗಳೂರಿನ ಬ್ರ್ಯಾಂಚಿನಲ್ಲಿ ತಿಂದವರು ‘ನೂಲಿನುಂಡೆ ನುಂಗಿದ ಹಾಗಿತ್ತು’ ಅಂತಾರೆ. ಒತ್ತು ಶಾವಿಗೆ ಮತ್ತು ಕಡುಬನ್ನೇ ನಂಬಿಕೊಂಡು ಹಾಸನ, ಬೇಲೂರು, ಚಿಕ್ಕಮಗಳೂರು ಮೂರೂ ಕಡೆ ನಡೆಯುತ್ತಿರುವ ಈ ಹೋಟೆಲಿನ ಬಗ್ಗೆ ಗಿರಾಕಿಗಳ ಮಾತು ಹೀಗೆ ಎರಡು ಹೋಳಾಗಿದೆ. ಹೆಸರು ಇಲ್ಲಿ ಬೇಡ. ಎರಡು ಮಾತೂ ನಿಜ ಅನ್ನೋದಕ್ಕೆ ಅಡುಗೆಮನೆ ಹೇಗೆ ನಡೆಯುತ್ತೆ ಅಂತ ತಿಳಿದರೆ ಸಾಕು.

ಒತ್ತು ಶಾವಿಗೆ ಅಂದರೆ ಕೇರಳದವರ ಇಡಿಯಪ್ಪಂ ಅಲ್ಲ. ಅವರು ಹಿಟ್ಟನ್ನು ಮೊದಲು ಒತ್ತಿ ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ, ನಮ್ಮಲ್ಲಿ ಮೊದಲು ಬೇಯಿಸಿ ಆಮೇಲೆ ಒತ್ತುವುದು. ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಸಿ, ತರಿ ಇಲ್ಲದ ಹಾಗೆ ನುಣ್ಣಗೆ ರುಬ್ಬಬೇಕು. ಒಂದು ಲೋಟ ಅಕ್ಕಿಗೆ ಎಲ್ಲಾ ಸೇರಿ ಎರಡು ಲೋಟದಷ್ಟು ನೀರು, ಉಪ್ಪು, ಒಂದು ಚಮಚ ಎಣ್ಣೆ. ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಹಿಟ್ಟು ತಳ ಬಿಟ್ಟು ಮುದ್ದೆಯಾಗುತ್ತದೆ. ಅದನ್ನು ಮುಷ್ಟಿ ಗಾತ್ರದ ಉಂಡೆ ಕಟ್ಟಿ ಹದಿನೈದಿಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ಒತ್ತಿಗೆ, ಅಂದರೆ ಶಾವಿಗೆ ಒತ್ತುವ ಸಾಧನಕ್ಕೆ, ಹಾಕಬೇಕು. ಉಂಡೆ ಆರಿತೋ, ಪಿಷ್ಟ ಬಿಗಿದುಕೊಳ್ಳುತ್ತದೆ. ಆಗ ತಿರುಪು ತಿರುಗಿಸಲು ಇಬ್ಬರು ಬೇಕು, ಎಳೆಯೂ ಬೆರಳುದ್ದಕ್ಕೆ ತುಂಡಾಗಿ ಬೀಳುತ್ತದೆ. ಒಮ್ಮೆಗೆ ಐದಾರು ಉಂಡೆಗಿಂತ ಹೆಚ್ಚು ಹಬೆಯಿಂದ ಹೊರಗೆ ತೆಗೆಯಬಾರದು ಅನ್ನೋದು ಇದಕ್ಕೇ.

ಹಾಸನದಲ್ಲಿ ಈ ಕೆಲಸ ಗಿರಾಕಿಯ ಕಣ್ಣೆದುರೇ ನಡೆಯುತ್ತದೆ. ಮೂರು ಕಾಲಿನ ತಿರುಪಿನ ಒತ್ತು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ನಿಂತಿದೆ. ಕೆಳಗೆ ಎಣ್ಣೆ ಸವರಿದ ತಟ್ಟೆ ಹಿಡಿದು ಒಬ್ಬರು ಸುತ್ತಿಸುತ್ತಾರೆ, ಇನ್ನೊಬ್ಬರು ಹಿಡಿ ತಿರುಗಿಸುತ್ತಾರೆ. ಒಂದು ಉಂಡೆಗೆ ಒಂದು ಸುತ್ತು ಶಾವಿಗೆ, ಒಂದು ಪ್ಲೇಟಿಗೆ ಮೂರು ಸುತ್ತು. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಒತ್ತಿದ್ದು ಐದು ನಿಮಿಷವೂ ನಿಲ್ಲುವುದಿಲ್ಲ, ಖರ್ಚಾಗುತ್ತದೆ.

ಚಿಕ್ಕಮಗಳೂರಿನಲ್ಲಿ ಒತ್ತೇ ಇಲ್ಲ. ಹಾಸನದಲ್ಲಿ ಬೆಳಗಿನ ಜಾವ ಒತ್ತಿದ ಶಾವಿಗೆ ಹಾಟ್‌ಬಾಕ್ಸಿನಲ್ಲಿ ಕೂತು, ಬೇಲೂರಿನಲ್ಲಿ ಒಂದು ಪಾಲು ಇಳಿಸಿ, ಅರವತ್ತು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ ಬರುತ್ತದೆ. ಒಂದೂವರೆ ಗಂಟೆ ದಾರಿ, ಮೇಲೆ ಬ್ರ್ಯಾಂಚಿನಲ್ಲಿ ಕಾಯುವ ಹೊತ್ತು. ಮುಚ್ಚಳದ ಹಬೆ ನೀರಾಗಿ ಮೇಲಿನ ಸುತ್ತಿನ ಮೇಲೆ ತೊಟ್ಟಿಕ್ಕುತ್ತದೆ, ಅಡಿಯ ಸುತ್ತು ಭಾರಕ್ಕೆ ಅಪ್ಪಚ್ಚಿಯಾಗುತ್ತದೆ. ‘ಮೇಲೆ ಅಂಟು, ಕೆಳಗೆ ಗಟ್ಟಿ’ ಅಂತ ಅಲ್ಲಿನವರು ದೂರುವುದು ಅಕ್ಷರಶಃ ಸರಿ. ಹತ್ತು ಗಂಟೆ ಮೇಲೆ ಹೋದವರಿಗೆ ಅದನ್ನೇ ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಕೊಡುತ್ತಾರೆ. ಅದು ತಪ್ಪು ದಾರಿ, ಅಂಚಿನ ಎಳೆ ಒಣಗಿ ತಂತಿಯಾಗುತ್ತದೆ. ಇಡ್ಲಿ ಪಾತ್ರೆಯಲ್ಲಿ ನಾಲ್ಕೈದು ನಿಮಿಷ ಹಬೆ ಕೊಟ್ಟರೆ ಬಿಗಿದ ಶಾವಿಗೆ ಮುಕ್ಕಾಲು ಪಾಲು ಮೆತ್ತಗಾಗುತ್ತದೆ. ಕೇಳಿದರೆ ಮಾಡಿಕೊಡುತ್ತಾರೆ, ಕೇಳಬೇಕು ಅಷ್ಟೆ.

ಕಾಯಿಹಾಲಿನ ವಿಷಯಕ್ಕೆ ಬಂದರೆ ದೂರು ಮೂರೂ ಕಡೆಯದು. ಅರಸೀಕೆರೆಯ ತೆಂಗು ಪಕ್ಕದಲ್ಲೇ ಇರುವ ಊರಲ್ಲಿ ಕಾಯಿಹಾಲಿನಲ್ಲಿ ಕಾಯಿಯೇ ಕಮ್ಮಿಯಾದರೆ ಯಾರಿಗಾದರೂ ಸಿಟ್ಟು ಬರುತ್ತದೆ. 2025ರಲ್ಲಿ ಕಾಯಿ ರೇಟು ಏರಿದ ಮೇಲೆ ಲೋಟ ಚಿಕ್ಕದಾಗಿದ್ದರೆ ಒಪ್ಪಬಹುದಿತ್ತು, ಇಲ್ಲಿ ಲೋಟ ಅಷ್ಟೇ ಇದೆ, ಒಳಗಿನದು ಬದಲಾಗಿದೆ. ಸರಿಯಾದ ಕ್ರಮ ಹೀಗೆ: ತುರಿಯನ್ನು ಗಸಗಸೆ, ಏಲಕ್ಕಿ ಜೊತೆ ರುಬ್ಬಿ ಮೊದಲ ಹಾಲು ಹಿಂಡಿ ಬೇರೆ ಇಡುವುದು. ಅದೇ ಚರಟಕ್ಕೆ ನೀರು ಹಾಕಿ ತೆಗೆದ ಎರಡನೇ ಹಾಲಿನಲ್ಲಿ, ಸೋಸಿದ ಬೆಲ್ಲದ ನೀರು ಸೇರಿಸಿ ಕುದಿಸುವುದು. ಒಲೆ ಆರಿಸಿದ ಮೇಲೆ ಮೊದಲ ಹಾಲು ಬೆರೆಸುವುದು, ಅದು ಕುದಿ ಬಂದರೆ ಒಡೆಯುತ್ತದೆ. ಈ ಹೋಟೆಲಿನಲ್ಲಿ ಎರಡನೇ ಹಾಲಿಗೆ ಅಕ್ಕಿ ಹಿಟ್ಟು ಕದಡಿ ಮಂದ ಮಾಡುತ್ತಾರೆ. ಪತ್ತೆ ಹಚ್ಚುವುದು ಕಷ್ಟವಲ್ಲ, ಲೋಟವನ್ನು ಐದು ನಿಮಿಷ ಹಾಗೇ ಬಿಡಿ. ನಿಜವಾದ ಕಾಯಿಹಾಲಾದರೆ ಮೇಲೆ ಎಣ್ಣೆಜಿಡ್ಡಿನ ಕೆನೆ ಸೇರುತ್ತದೆ. ಹಿಟ್ಟು ಹಾಕಿದ್ದಾದರೆ ಗಂಜಿಯ ಮೇಲೆ ಕಟ್ಟುವಂಥ ಪೊರೆ ಕಟ್ಟುತ್ತದೆ, ಚಮಚ ಎತ್ತಿದರೆ ಪೊರೆ ಸಮೇತ ಬರುತ್ತದೆ. ಮನೆಯವರು ನೆಂಟರಿಗೆ ಹೀಗೆ ಬಡಿಸಿದರೆ ಮುಂದಿನ ಹಬ್ಬಕ್ಕೆ ನೆಂಟರು ಬರಲ್ಲ.

ನಾಟಿ ಕೋಳಿ ಸಾರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರೂ ಕಡೆ ಚೆನ್ನಾಗಿದೆ, ಕಾಳುಮೆಣಸು ಮುಂದಿದೆ, ಎಲುಬಿಗಿಂತ ಮಾಂಸ ಜಾಸ್ತಿ. ಶಾವಿಗೆ ಸುಮಾರಾಗಿದ್ದರೂ ಈ ಸಾರು ದಾಟಿಸಿಬಿಡುತ್ತದೆ.

ರಾಜಮುಡಿ ಶಾವಿಗೆಗೆ ಇಪ್ಪತ್ತು ರೂಪಾಯಿ ಹೆಚ್ಚು. ಹೊಳೆನರಸೀಪುರ ಸೀಮೆಯಲ್ಲಿ ಬೆಳೆಯುವ ಈ ಕೆಂಪಕ್ಕಿಯ ತವುಡು ಎಳೆಯ ನಡುವೆ ಸೇರಿಕೊಳ್ಳುವುದರಿಂದ ಅದು ಗಿಡ್ಡಗೆ ತುಂಡಾಗುತ್ತದೆ. ‘ಪುಡಿಪುಡಿ ಕೊಟ್ಟರು’ ಅಂತ ಒಂದು ಸ್ಟಾರ್ ಕೊಟ್ಟವರು ಇದನ್ನು ಗಮನಿಸಬೇಕು, ಇದು ತಪ್ಪಲ್ಲ. ತವುಡು ಇರುವ ಅಕ್ಕಿಯ ಶಾವಿಗೆ ಮಲ್ಲಿಗೆ ದಂಡೆಯ ಹಾಗೆ ಉದ್ದಕ್ಕೆ ಬಂದಿದ್ದರೆ ಅನುಮಾನ ಪಡಬೇಕಾದ್ದು ಆಗ.

ಕಡುಬಿನಲ್ಲಿ ಎರಡು ಥರ. ಕಾಯಿ, ಬೆಲ್ಲ, ಎಳ್ಳಿನ ಹೂರಣದ ಸಿಹಿ ಕಡುಬಿನ ಕಣಕ ತೆಳುವಾಗಿದೆ, ಅಂಚು ಎಲ್ಲೂ ಬಿಟ್ಟಿಲ್ಲ. ಹೂರಣವನ್ನು ನೀರಾರುವವರೆಗೆ ಕಾಯಿಸಿದ್ದಾರೆ ಅಂತ ಅರ್ಥ, ಹಸಿ ಹೂರಣ ತುಂಬಿದರೆ ಹಬೆಗೆ ಪಾಕ ಬಿಟ್ಟುಕೊಂಡು ಕಡುಬಿನ ಹೊಟ್ಟೆ ಒಡೆಯುತ್ತದೆ. ಖಾರದ ಕಡುಬು ಮಾತ್ರ ಎಡವಿದೆ. ಕಡಲೆಬೇಳೆಯನ್ನು ನೆನೆಸಿ, ಹಸಿಮೆಣಸು, ಶುಂಠಿ, ಸಬ್ಬಸಿಗೆ ಸೊಪ್ಪಿನೊಂದಿಗೆ ತರಿತರಿಯಾಗಿ ರುಬ್ಬಿ ಹಾಗೇ ತುಂಬುತ್ತಿದ್ದಾರೆ. ಮೇಲಿನ ಅಕ್ಕಿ ಕಣಕ ಹತ್ತು ನಿಮಿಷಕ್ಕೆ ಬೇಯುತ್ತದೆ, ಒಳಗಿನ ಬೇಳೆಗೆ ಅಷ್ಟು ಸಾಲದು. ಹಾಗಾಗಿ ಮಧ್ಯೆ ಹಸಿ ಬೇಳೆ ವಾಸನೆ, ಮಧ್ಯಾಹ್ನಕ್ಕೆ ಹೊಟ್ಟೆ ಉಬ್ಬರ. ನುಚ್ಚಿನುಂಡೆಯ ಹಾಗೆ ಬೇಳೆಯನ್ನು ಮೊದಲೇ ಹಬೆಯಲ್ಲಿ ಬೇಯಿಸಿ, ಪುಡಿ ಮಾಡಿ, ಕಾಯಿತುರಿ ಒಗ್ಗರಣೆ ಕೊಟ್ಟು ತುಂಬಿದರೆ ಮುಗಿಯಿತು. ಬೇಲೂರಿನವರು ಹಾಗೇ ಮಾಡುತ್ತಿದ್ದಾರೆ, ಉಳಿದೆರಡು ಕಡೆಯವರು ಅಲ್ಲಿಗೆ ಹೋಗಿ ನೋಡಿಕೊಂಡು ಬರಲಿ.

ಮೆನುವಿನ ಕೊನೆಯಲ್ಲಿ ‘ಶಾವಿಗೆ ನೂಡಲ್ಸ್’ ಅಂತ ಒಂದಿದೆ. ಕೋಸು, ದಪ್ಪ ಮೆಣಸಿನಕಾಯಿ, ಸೋಯಾ ಸಾಸು ಹಾಕಿ ದೊಡ್ಡ ಉರಿಯಲ್ಲಿ ಹಾರಿಸಿದ್ದು. ತಮಾಷೆ ಅಂದರೆ ಇಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಮೈದಾ ನೂಡಲ್ಸಿನಲ್ಲಿ ಗೋಧಿಯ ಜಿಗುಟು ಇರುತ್ತದೆ, ಎಷ್ಟು ಹಾರಿಸಿದರೂ ತಡೆಯುತ್ತದೆ. ಅಕ್ಕಿಯಲ್ಲಿ ಅದಿಲ್ಲ. ಆಗಷ್ಟೇ ಒತ್ತಿದ ಬಿಸಿ ಶಾವಿಗೆಯನ್ನು ಬಾಣಲೆಗೆ ಹಾಕಿದರೆ ಅರ್ಧ ನಿಮಿಷಕ್ಕೆ ಉಪ್ಪಿಟ್ಟು! ಎರಡು ಮೂರು ಗಂಟೆ ಆರಿ ಬಿಗಿದ ಶಾವಿಗೆಯಾದರೆ ಎಳೆ ಎಳೆ ನಿಲ್ಲುತ್ತದೆ. ಹಾಗಾಗಿ ಈ ಐಟಂ ಹಾಸನದಲ್ಲಿ ಮುದ್ದೆಯಂತಿದೆ, ಚಿಕ್ಕಮಗಳೂರಿನಲ್ಲಿ ಚೆನ್ನಾಗಿದೆ. ನಿಂಬೆಹಣ್ಣಿನ ಒಗ್ಗರಣೆ ಶಾವಿಗೆಗೂ ಇದೇ ಮಾತು. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೂ ಕೆಲವು ಗಾಡಿಗಳಲ್ಲಿ ಬೆರಳಿಗೆ ಕೆಂಪು ಅಂಟುತ್ತದೆ. ಇಲ್ಲಿ ತಟ್ಟೆಯಲ್ಲಿ ಉಳಿಯುವುದು ಸೋಯಾದ ಕಂದು ಮಾತ್ರ.

ಆದ್ದರಿಂದ ಊರು ನೋಡಿ ಆರ್ಡರ್ ಮಾಡಿ. ಹಾಸನದಲ್ಲಾದರೆ ಹತ್ತು ಗಂಟೆಯೊಳಗೆ ಹೋಗಿ ಬಿಸಿ ಶಾವಿಗೆ, ಕೋಳಿ ಸಾರು. ಬೇಲೂರಿನಲ್ಲಿ ಖಾರದ ಕಡುಬು. ಚಿಕ್ಕಮಗಳೂರಿನಲ್ಲಿ ನಿಂಬೆ ಶಾವಿಗೆ ಇಲ್ಲವೇ ನೂಡಲ್ಸ್, ಜೊತೆಗೆ ಸಿಹಿ ಕಡುಬು. ಕಾಯಿಹಾಲು ಸದ್ಯಕ್ಕೆ ಎಲ್ಲೂ ಬೇಡ, ಎಳ್ಳು ಬೆಲ್ಲದ ಪುಡಿ ಕೇಳಿದರೆ ಅದೇ ರೇಟಿಗೆ ಕೊಡುತ್ತಾರೆ, ಅದು ಘಮಘಮ ಇದೆ.

ಬಿಲ್ಲಿನಲ್ಲಿ ಐದು ಪರ್ಸೆಂಟ್ ಜಿಎಸ್‌ಟಿ ಬಿಟ್ಟು ಬೇರೇನೂ ಸೇರಿಸಿಲ್ಲ. ಪಾರ್ಸೆಲ್ ತೆಗೆದುಕೊಳ್ಳುವವರು ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಸಬೇಡಿ. ಬಾಳೆಎಲೆ ಹಾಸಿ, ಒಂದು ಮೂಲೆ ತೆರೆದು ಕೊಡಿ ಅನ್ನಿ, ಸಾರು ಬೇರೆ ಕಟ್ಟಿಸಿ, ಅರ್ಧ ಗಂಟೆಯೊಳಗೆ ತಿನ್ನಿ.